ಎಂಟು ಪೋರ್ಟಿನ ಅಗ್ಗದ ಸ್ವಿಚ್ಚು ಪದೇ ಪದೇ ಕೈಕೊಡ್ತಾ ಉಂಟು, ದುಬಾರಿದಕ್ಕೆ ಹೋಗುವುದಾ?

ತೋಟದಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಪುತ್ತೂರು ಕಡೆ ಹಳ್ಳಿ ಮನೆ. ಕಂಪನಿ ಬೆಂಗಳೂರಿನದ್ದು, ಕೆಲಸ ಇಲ್ಲಿಂದಲೇ. ಫೈಬರ್ ಮೋಡೆಮ್ ಜಗಲಿಯಲ್ಲಿ, ಅದರ ಪಕ್ಕ ಎಂಟು ಪೋರ್ಟಿನ ಗಿಗಾಬಿಟ್ ಸ್ವಿಚ್ಚು, ಅಂದರೆ ನೆಟ್ಟನ್ನು ಹಲವು ಕೇಬಲ್ಲಿಗೆ ಹಂಚುವಂಥದ್ದು. ಪ್ಲಾಸ್ಟಿಕ್ ಡಬ್ಬಿ, ಸಾವಿರ ಚಿಲ್ಲರೆ ರೂಪಾಯಿಯದ್ದು. ಅಲ್ಲಿಂದ ನನ್ನ ಕೋಣೆಗೆ, ಟಿವಿಗೆ, ಕ್ಯಾಮೆರಾ ರೆಕಾರ್ಡರಿಗೆ, ಮತ್ತೆ ಅಂಗಳ ದಾಟಿ ಅಣ್ಣನ ಮನೆಗೆ ಒಂದೊಂದು ಕೇಬಲ್.

ತೊಂದರೆ ಏನೆಂದರೆ ದೀಪ ಎಲ್ಲ ಹೊತ್ತಿಕೊಂಡೇ ಇರ್ತದೆ, ನೆಟ್ ಮಾತ್ರ ಇಲ್ಲ. ಪ್ಲಗ್ ತೆಗೆದು ಹಾಕಿದರೆ ಸರಿಯಾಗ್ತದೆ, ಮತ್ತೆ ಮಧ್ಯಾಹ್ನ ಮೀಟಿಂಗ್ ಹೊತ್ತಿಗೆ ಅದೇ ಕಥೆ. ಇದರ ಮೊದಲು ಇದ್ದದ್ದು ಮೇ ತಿಂಗಳ ಸಿಡಿಲಿಗೆ ಹೋಯಿತು. ಅದರಲ್ಲಿ ಪೂರ್ತಿ ಅಲ್ಲ, ಎರಡೇ ಪೋರ್ಟ್ ಸತ್ತದ್ದು. ಗಿಗಾಬಿಟ್ ಅಂದರೆ 1000 ಮೆಗಾಬಿಟ್ಟಿನ ಸ್ವಿಚ್ಚಾದರೂ ಅಣ್ಣನ ಮನೆಗೆ ವೇಗ 100ರ ಹತ್ತಿರವೇ ನಿಲ್ತದೆ. ಅಗ್ಗದ ಸ್ವಿಚ್ಚುಗಳ ಹಣೆಬರಹವೇ ಇಷ್ಟಾ? ಏಳೆಂಟು ಸಾವಿರದ್ದು ತಂದರೆ ಪರಿಹಾರ ಆಗ್ತದಾ?

ಸುಮ್ನೆ_ಓದುಗ
ಅಡಾಪ್ಟರ್ ಬದಲಿಸಿ ನೋಡಿದ್ರಾ?

ತೋಟದಮನೆ
ಮಲ್ಟಿಮೀಟರಿನಲ್ಲಿ ನೋಡಿದೆ, 5.1 ವೋಲ್ಟ್ ಬರ್ತಾ ಉಂಟು. ಅದು ಸರಿ ಇದೆ.

ಬೆಸುಗೆ_ಹುಬ್ಬಳ್ಳಿ
ಅಣ್ಣಾರ, ಪಿನ್ನು ಕೈಯಾಗ ಹಿಡಕೊಂಡು ಅಳದ್ರ 5.1 ಬಂದ ಬರ್ತೈತಿ. ಲೋಡ್ ಇಲ್ಲದಾಗ ಎಂಥಾ ಕೆಟ್ಟ ಅಡಾಪ್ಟರೂ ಛಲೋನ ಕಾಣ್ತೈತಿ. ಸ್ವಿಚ್ಚಿಗೆ ಹಚ್ಚಿ, ನಾಕೈದು ಪೋರ್ಟಿಗೆ ಕೇಬಲ್ ಹಾಕಿ, ದೊಡ್ಡ ಫೈಲ್ ಕಾಪಿಗೆ ಬಿಟ್ಟು, ಆಮ್ಯಾಲ ಒಳಗ ಬೋರ್ಡಿನ ಮ್ಯಾಗ ಜಾಕ್ ಕಾಲಿಗೆ ಮೀಟರ್ ಹಚ್ಚಿ ನೋಡ್ರಿ.

ನಾ ರಿಪೇರಿ ಅಂಗಡಿ ಇಟ್ಟಾಂವ. ‘ಸತ್ತೈತಿ’ ಅಂತ ನಮ್ಮ ಕಡೆ ಬರೋ ಸ್ವಿಚ್ಚಿನ್ಯಾಗ ಭಾಳಷ್ಟು ಸತ್ತಿರೂದಿಲ್ಲ. ಅಡಾಪ್ಟರ್ ಒಳಗಿನ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್ (ವೋಲ್ಟ್ ಸಪಾಟ ಇಡೂ ಸಣ್ಣ ಭಾಗ) ಒಣಗಿರ್ತೈತಿ. ಅದರಾಗ ದ್ರವ ಇರ್ತೈತಿ ನೋಡ್ರಿ, ಬಿಸಿಗೆ ಅದು ಆರಿದಂಗ ಕೆಪಾಸಿಟಿ ಇಳೀತೈತಿ, ಒಳಗಿನ ರೆಸಿಸ್ಟನ್ಸ್ ಏರತೈತಿ. ಆವಾಗ 5 ವೋಲ್ಟ್ ಸಪಾಟ ನಿಲ್ಲೂದಿಲ್ಲ, ಮ್ಯಾಲ ಕೆಳಗ ಕುಣೀತೈತಿ. ಮಲ್ಟಿಮೀಟರ್ ತೋರಸೂದು ಬರೇ ಸರಾಸರಿ, ಆ ಕುಣಿತ ಅದಕ್ಕ ಕಾಣಂಗಿಲ್ಲ. ಸ್ವಿಚ್ಚಿನ ಚಿಪ್ಪಿಗೆ 3.3 ವೋಲ್ಟ್ ಮತ್ತ ಸುಮಾರು 1 ವೋಲ್ಟ್ ಬೇಕು, ಅವು ಎರಡೂ ಇದರಾಗಿಂದನ ಬರ್ಬೇಕು. ಅಲ್ಲಿ ಒಂದು ಗಳಿಗಿ ತಪ್ಪಿದ್ರ ಚಿಪ್ ಸಿಕ್ಕಾಕೊಂಡ ಹಂಗ ನಿಂತಬಿಡ್ತೈತಿ, ದೀಪ ಮಾತ್ರ ಉರೀತಾವು. ನಿಮ್ಮ ಲಕ್ಷಣ ಅದ ಐತಿ.

ಎಸ್‌ಪಿರೋಡ್_ಪ್ರಜೆ
ಮೇಲಿನವರು ಹೇಳಿದ್ದು ಸರಿ, ಆದ್ರೆ ಡಬ್ಬಿ ಬಿಚ್ಚಿ ಅಂತ ಎಲ್ರಿಗೂ ಹೇಳ್ಬೇಡಿ ಗುರು. ವಾರಂಟಿ ಇರೋವಾಗ ಬಿಚ್ಚಿದ್ರೆ ಬದಲಿ ಕೊಡಲ್ಲ. ಕೆಲವು ಕಂಪನಿಗಳು ಮೂರು ವರ್ಷದವರೆಗೂ ಕೊಡ್ತವೆ, ಬಿಲ್ ಇಟ್ಕೊಳ್ಳಿ ಅಷ್ಟೆ. ಅದೇ ವೋಲ್ಟಿನ ಬೇರೆ ಅಡಾಪ್ಟರ್ ತಂದು ಹಾಕೋದು ಸುಲಭ. ಬಿಐಎಸ್ (ಸರ್ಕಾರದ ಮಾನಕ ಸಂಸ್ಥೆ) ಗುರುತು, ಅದರ ಕೆಳಗೆ ಆರ್ ಅಕ್ಷರದಿಂದ ಶುರುವಾಗೋ ನಂಬರ್ ಇರೋದನ್ನ ನೋಡಿ ತಗೊಳ್ಳಿ. ಗಾಡಿ ಮೇಲೆ ಗುಡ್ಡೆ ಹಾಕಿ ಮಾರೋದು ಬೇಡ.

ಹೊಸಬ_ಮಂಡ್ಯ
ಮಧ್ಯದಲ್ಲಿ ಕೇಳ್ತಿದೀನಿ, ಬೇಜಾರಾಗ್ಬೇಡಿ. ನನ್ನ ಸ್ವಿಚ್ಚಿನ ಮೇಲೆ 5 ವೋಲ್ಟ್ 0.6 ಆಂಪ್ ಅಂತ ಇದೆ. 2 ಆಂಪಿನ ಅಡಾಪ್ಟರ್ ಹಾಕಿದ್ರೆ ಸುಟ್ಟೋಗಲ್ವಾ?

ಬೆಸುಗೆ_ಹುಬ್ಬಳ್ಳಿ
ಇಲ್ಲ. ಆಂಪ್ ಅಂದ್ರ ಅಡಾಪ್ಟರ್ ಎಷ್ಟ ಕೊಡಾಕ ಶಕ್ತಿ ಐತಿ ಅನ್ನೂದು, ಸ್ವಿಚ್ಚು ತನಗ ಬೇಕಾದಷ್ಟ ಎಳಕೋತೈತಿ. ವೋಲ್ಟ್ ಮಾತ್ರ ಒಂದ ಇರ್ಬೇಕು. ಮೋಡೆಮ್ಮಿನ 12 ವೋಲ್ಟಿನ ಪಿನ್ನು ಸ್ವಿಚ್ಚಿನ 5 ವೋಲ್ಟಿನ ಜಾಕಿಗೆ ಸರಿಯಾಗಿ ಕೂಡ್ತೈತಿ, ಭಾಳ ಸಲ ಎರಡೂ ಅದ ಅಳತಿ ಇರ್ತಾವು. ಮನ್ಯಾಗ ಧೂಳ ಹೊಡಿಯಾಕ ಪ್ಲಗ್ ತಗದು ಅದಲಿ ಬದಲಿ ಹಾಕಿ ಸುಟ್ಟ ಸ್ವಿಚ್ಚು ಎಷ್ಟ ಬರ್ತಾವ ಅಂತೀರಿ! ಪಿನ್ನಿಗೆ ಬಣ್ಣದ ಟೇಪ್ ಸುತ್ರಿ.

ರೈನ್_ದಂಡೆ
ಜರ್ಮನಿಯಿಂದ ಬರೆಯುತ್ತಿದ್ದೇನೆ. ನನ್ನ ಮನೆಯಲ್ಲೂ ಅದೇ ದರ್ಜೆಯ ಐದು ಪೋರ್ಟಿನ ಡಬ್ಬಿ ಇದೆ. ಬಹಳ ವರ್ಷವಾಯಿತು, ಒಮ್ಮೆಯೂ ಮುಟ್ಟಿಲ್ಲ. ಹಾಗಾಗಿ ಅಗ್ಗದ್ದೆಲ್ಲ ಕಳಪೆ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಪಡುವಣ_ಮಳೆ
ನಿಮ್ಮಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ ಬರ್ತದಾ ಮಾರಾಯ್ರೆ? ಗೋಡೆ ಮೇಲೆ 38 ಡಿಗ್ರಿ ಇರ್ತದಾ?

ಲ್ಯಾಬ್_ಮೇಷ್ಟ್ರು
ಸೆಖೆಯ ಮಾತು ಬಂತಲ್ಲ, ಒಂದು ಲೆಕ್ಕ ಹೇಳುತ್ತೇನೆ. ಅಗ್ಗದ ಕೆಪಾಸಿಟರಿನ ಮೇಲೆ 105 ಡಿಗ್ರಿ ಎಂದು ಬರೆದಿರುತ್ತದೆ. ಅದರ ಮಾಹಿತಿ ಹಾಳೆ ನೋಡಿದರೆ ಆ ಬಿಸಿಯಲ್ಲಿ ಆಯುಸ್ಸು 2,000 ಗಂಟೆ ಎಂದಿರುವುದು ಸಾಮಾನ್ಯ. ಬಿಸಿ 10 ಡಿಗ್ರಿ ಇಳಿದಂತೆಲ್ಲ ಆಯುಸ್ಸು ಸುಮಾರು ಎರಡು ಪಟ್ಟಾಗುತ್ತದೆ ಎನ್ನುವುದು ಎಂಜಿನಿಯರುಗಳ ಅಂದಾಜು. ಡಬ್ಬಿಯೊಳಗೆ 65 ಡಿಗ್ರಿ ಇದ್ದರೆ 32,000 ಗಂಟೆ, ಅಂದರೆ ಹಗಲೂ ರಾತ್ರಿ ಓಡಿಸಿದರೆ ಮೂರೂವರೆ ವರ್ಷದ ಮೇಲೆ. ಅದನ್ನೇ ಟಿವಿ ಹಿಂದೆ ತುರುಕಿ ಒಳಗೆ 75 ಆಯಿತೆನ್ನಿ, 16,000 ಗಂಟೆ. ಎರಡು ವರ್ಷವೂ ಇಲ್ಲ. ರೈನ್ ದಂಡೆಯವರ ಸ್ವಿಚ್ಚು ಬದುಕಿದ್ದು ತಂಪಿನಿಂದ, ಬ್ರಾಂಡಿನಿಂದ ಅಲ್ಲ.

ರೈನ್_ದಂಡೆ
ಆಯಿತು, ಒಪ್ಪಿದೆ. ಆದರೆ ಮೂಲ ಪ್ರಶ್ನೆಗೆ ಇನ್ನೊಂದು ಸಾಧ್ಯತೆ ಇದೆ, ಅದನ್ನು ಯಾರೂ ಹೇಳಲಿಲ್ಲ. ಟಿವಿ! ಈಥರ್ನೆಟ್ಟಿನಲ್ಲಿ, ಅಂದರೆ ಈ ಕೇಬಲ್ ಜಾಲದಲ್ಲಿ, 802.3ಎಕ್ಸ್ ಎನ್ನುವ ಹರಿವು ನಿಯಂತ್ರಣ ಇದೆ. ಒಂದು ಸಾಧನಕ್ಕೆ ತಡೆದುಕೊಳ್ಳಲು ಆಗದಿದ್ದರೆ ‘ಸ್ವಲ್ಪ ನಿಲ್ಲು’ ಎಂದು ಸ್ವಿಚ್ಚಿಗೆ ಪಾಜ್ ಫ್ರೇಮ್ ಎನ್ನುವ ಪುಟ್ಟ ಸಂದೇಶ ಕಳಿಸುತ್ತದೆ. ಟಿವಿಯೋ ಸೆಟ್‌ಟಾಪ್ ಪೆಟ್ಟಿಗೆಯೋ ಸ್ಟ್ಯಾಂಡ್‌ಬೈಯಲ್ಲಿ ಸಿಕ್ಕಿಹಾಕಿಕೊಂಡರೆ ಈ ಫ್ರೇಮನ್ನೇ ಬಿಡದೆ ಕಳಿಸುವುದುಂಟು. ಅಗ್ಗದ ಸ್ವಿಚ್ಚಿನಲ್ಲಿ ಇರುವುದು ಒಂದೆರಡು ಮೆಗಾಬಿಟ್ ಬಫರ್ (ತಾತ್ಕಾಲಿಕ ಸಂಗ್ರಹ), ಅದನ್ನೇ ಎಲ್ಲ ಪೋರ್ಟೂ ಹಂಚಿಕೊಳ್ಳಬೇಕು. ಆ ಒಂದು ಪೋರ್ಟಿನ ಸರಕು ತುಂಬಿಕೊಂಡರೆ ಉಳಿದವರದ್ದೂ ನಿಲ್ಲುತ್ತದೆ.

ಮುಂದಿನ ಸಲ ನಿಂತಾಗ ಪವರ್ ತೆಗೆಯಬೇಡಿ. ಕೇಬಲ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಉಳಿದದ್ದು ಜೀವ ಪಡೆಯುತ್ತದೋ ಕಳ್ಳ ಅದೇ.

ಸುಮ್ನೆ_ಓದುಗ
ಇದು ಉಪಯೋಗಕ್ಕೆ ಬರೋ ಮಾತು. ಎಲ್ರೂ ಮೊದಲು ಪ್ಲಗ್ ಕಿತ್ತು ಸಾಕ್ಷಿ ಅಳಿಸಿಬಿಡ್ತಾರೆ.

ಲ್ಯಾಬ್_ಮೇಷ್ಟ್ರು
ಹಾಗೆ ಕಿತ್ತು ನೋಡುವಾಗ ದೀಪಗಳನ್ನೂ ಗಮನಿಸಿ. ಎಲ್ಲ ದೀಪ ಒಟ್ಟಿಗೆ, ಒಂದೇ ತಾಳಕ್ಕೆ, ವಿಪರೀತ ವೇಗದಲ್ಲಿ ಮಿಣುಕಿದರೆ ಅದು ಲೂಪು, ಅಂದರೆ ಕೇಬಲ್ ಸುತ್ತಿ ಮತ್ತೆ ಅದೇ ಜಾಲಕ್ಕೆ ಸೇರಿದ್ದು. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಂದು ಸಲ ಇಡೀ ಮಹಡಿಯ ನೆಟ್ ಮಲಗಿತ್ತು. ಸ್ವಿಚ್ಚು ಕೆಟ್ಟಿದೆ ಎಂದು ಹೊಸದಕ್ಕೆ ಇಂಡೆಂಟ್ ಕೂಡ ಹೋಯಿತು. ಕೊನೆಗೆ ನೋಡಿದರೆ ಮೇಜು ಸರಿಸಿದವರು ಯಾರೋ ಐಪಿ ಫೋನಿನ ಹಿಂದಿನ ಎರಡೂ ಪೋರ್ಟನ್ನು ಗೋಡೆಯ ಎರಡು ಸಾಕೆಟ್ಟಿಗೆ ಚುಚ್ಚಿದ್ದರು. ಈಥರ್ನೆಟ್ ಫ್ರೇಮಿಗೆ ‘ಇಷ್ಟು ಸುತ್ತು ಆದಮೇಲೆ ಸಾಯಿ’ ಎನ್ನುವ ಲೆಕ್ಕವೇ ಇಲ್ಲ. ಎಲ್ಲ ಸಾಧನಕ್ಕೂ ಹೋಗುವ ಒಂದು ಬ್ರಾಡ್‌ಕಾಸ್ಟ್ ಫ್ರೇಮ್ ಹೊಕ್ಕರೆ ಸುತ್ತುತ್ತ, ಮರಿ ಹಾಕುತ್ತ, ದಾರಿಯೆಲ್ಲ ತುಂಬಿಕೊಳ್ಳುತ್ತದೆ. ಇದಕ್ಕೆಂದೇ 1985ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ರೇಡಿಯಾ ಪರ್ಲ್‌ಮನ್ ಲೂಪು ತಡೆಯುವ ಸ್ಪ್ಯಾನಿಂಗ್ ಟ್ರೀ ವಿಧಾನ ರೂಪಿಸಿದರು. ಸಾವಿರ ರೂಪಾಯಿಯ ಅನ್‌ಮ್ಯಾನೇಜ್ಡ್ (ನಾವು ಏನೂ ಹೊಂದಿಸಲಾಗದ) ಡಬ್ಬಿಯಲ್ಲಿ ಅದು ಇರುವುದಿಲ್ಲ. ಸ್ವಲ್ಪ ಮೇಲಿನ ‘ಸ್ಮಾರ್ಟ್’ ದರ್ಜೆಯಲ್ಲಿ ಲೂಪ್ ಪತ್ತೆ ಮಾಡಿ ಪೋರ್ಟ್ ಮುಚ್ಚುವ ಸೌಲಭ್ಯ ಸಿಗುತ್ತದೆ. ಕಚೇರಿಗೆ ಅದೇ ತೆಗೆದುಕೊಳ್ಳಿ, ಐನೂರೋ ಸಾವಿರವೋ ರೂಪಾಯಿ ಹೆಚ್ಚಾದರೂ ಪರವಾಗಿಲ್ಲ.

ಎಸ್‌ಪಿರೋಡ್_ಪ್ರಜೆ
ಅದಕ್ಕೇ ನಾನು ಹೇಳೋದು, ಬೆಂಗಳೂರಿಗೆ ಬಂದಾಗ ಎಲೆಕ್ಟ್ರಾನಿಕ್ಸ್ ಸಾಮಾನಿನ ಎಸ್‌ಪಿ ರೋಡಲ್ಲಿ ದೊಡ್ಡ ಕಂಪನಿಗಳು ಬಿಸಾಕಿದ 24 ಪೋರ್ಟಿನ ಹಳೇ ಮ್ಯಾನೇಜ್ಡ್ ಸ್ವಿಚ್ ಎತ್ಕೊಳ್ಳಿ. ಕಬ್ಬಿಣದ ಡಬ್ಬಿ, ಒಳಗೇ ಪವರ್ ಸಪ್ಲೈ, ಗುಂಡು ಹೊಡೆದ್ರೂ ಸಾಯಲ್ಲ. ಹೊಸ ಪ್ಲಾಸ್ಟಿಕ್ಕಿಗಿಂತ ಹಳೇ ಕಬ್ಬಿಣ ಮೇಲು.

ಪಡುವಣ_ಮಳೆ
ಅದರ ಫ್ಯಾನಿನ ಸದ್ದು ಕೇಳಿದ್ದೀರಾ? ಜಗಲಿಯಲ್ಲಿ ಇಟ್ಟರೆ ಅಜ್ಜಿ ಅಂಗಳಕ್ಕೆ ಬಿಸಾಡ್ತಾರೆ.

ಲ್ಯಾಬ್_ಮೇಷ್ಟ್ರು
ಸದ್ದು ಬಿಡಿ, ಕರೆಂಟು ಲೆಕ್ಕ ಹಾಕಿ. ಅಂಥದ್ದು 40 ವ್ಯಾಟ್ ಎಳೆದರೆ ವರ್ಷಕ್ಕೆ 350 ಯೂನಿಟ್. ಎಂಟು ಪೋರ್ಟಿನ ಪುಟ್ಟದು 3 ವ್ಯಾಟ್ ಎಳೆದರೆ 26 ಯೂನಿಟ್. ಇನ್ವರ್ಟರ್ ಮೇಲೆ ಓಡುವ ಮನೆಗೆ ಬ್ಯಾಟರಿ ತಿನ್ನುವುದು ಬೇರೆ. ಅಲ್ಲದೆ ಹಳೆಯದರಲ್ಲಿ ಇರುವ ಕೆಪಾಸಿಟರಿಗೂ ವಯಸ್ಸಾಗಿರುತ್ತದಲ್ಲ?

ಎಸ್‌ಪಿರೋಡ್_ಪ್ರಜೆ
ಫ್ಯಾನ್ ಇಲ್ದೇ ಇರೋ ಎಂಟು ಪೋರ್ಟಿನ ಹಳೇದೂ ಸಿಗುತ್ತೆ ಮೇಷ್ಟ್ರೇ. ಹುಡುಕ್ಬೇಕು. ನಾನು ನನ್ನ ಮಾತು ಬಿಡಲ್ಲ.

ಕ್ಯಾಮೆರಾ_ಕೆಲ್ಸ
ಸಿಸಿಟಿವಿ ಹಾಕೋನು ನಾನು. ಅಣ್ಣನ ಮನೆಗೆ 100 ಮಾತ್ರ ಬರ್ತಿದೆ ಅಂದ್ರಲ್ಲ, ಅದು ಸ್ವಿಚ್ಚಿನ ತಪ್ಪಲ್ಲ, ಕೇಬಲ್ಲಿಂದು. 100 ಮೆಗಾಬಿಟ್ಟಿಗೆ ಎರಡು ಜೋಡಿ ತಂತಿ ಸಾಕು: 1, 2, 3, 6. ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು. ನೀಲಿ ಅಥವಾ ಕಂದು ಜೋಡೀಲಿ ಒಂದು ತಂತಿ ಬಿಟ್ಕೊಂಡಿದ್ರೂ 100ಕ್ಕೆ ಇಳಿದುಬಿಡುತ್ತೆ.

ಇನ್ನೊಂದು, ನಿಮ್ಮ ಕೇಬಲ್ ಅಸಲಿ ತಾಮ್ರದ್ದಾ ನೋಡಿ. ಮಾರ್ಕೆಟ್ಟಲ್ಲಿ ಅರ್ಧ ಬೆಲೆಗೆ ಸಿಗೋದು ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಬ್ಲೇಡಲ್ಲಿ ಕೆರೆದ್ರೆ ಒಳಗೆ ಬೆಳ್ಳಗೆ ಕಾಣುತ್ತೆ. ಬಂಡಲ್ ಎತ್ತಿದ್ರೇ ಹಗುರ ಅನ್ಸುತ್ತೆ. ಅದು ಬಗ್ಗಿಸಿದ ಕಡೆ ಮುರಿಯುತ್ತೆ, ತೇವಕ್ಕೆ ತುದಿ ಕೊಳೆಯುತ್ತೆ. ಕೇಬಲ್ಲಲ್ಲೇ ಕರೆಂಟ್ ಕಳಿಸೋ ಕ್ಯಾಮೆರಾ ಇದ್ರಂತೂ ಮುಟ್ಟಲೇಬೇಡಿ, ವೋಲ್ಟ್ ದಾರೀಲೇ ಬಿದ್ದೋಗುತ್ತೆ.

ಲ್ಯಾಬ್_ಮೇಷ್ಟ್ರು
ಸಣ್ಣ ತಿದ್ದುಪಡಿ. ಎಲ್ಲ ಸ್ವಿಚ್ಚೂ ತಾನಾಗಿ 100ಕ್ಕೆ ಇಳಿಯುವುದಿಲ್ಲ. ವೇಗದ ಮಾತುಕತೆ ನಡೆಯುವುದು ಮೊದಲ ಎರಡು ಜೋಡಿಯಲ್ಲಿ. ಅಲ್ಲಿ ಗಿಗಾಬಿಟ್ ಎಂದು ಒಪ್ಪಂದವಾಗಿ, ಆಮೇಲೆ ಉಳಿದ ಜೋಡಿ ಸಿಗದೆ ಲಿಂಕ್ ಬೀಳುತ್ತದೆ, ಮತ್ತೆ ಏಳುತ್ತದೆ, ಮತ್ತೆ ಬೀಳುತ್ತದೆ. ಕೆಳಗಿಳಿಯುವ ಬುದ್ಧಿ ಇರುವ ಚಿಪ್ ಮಾತ್ರ ಇಳಿಯುತ್ತದೆ. ಹೀಗೆ ಎದ್ದು ಬಿದ್ದು ಮಾಡುವುದನ್ನೂ ಜನ ‘ಸ್ವಿಚ್ ಕೆಟ್ಟಿತು’ ಎಂದೇ ಹೇಳುವುದು.

ಕ್ಯಾಮೆರಾ_ಕೆಲ್ಸ
ಸರಿ ಸಾರ್. ಇನ್ನೊಂದು ಹೇಳ್ಬಿಡ್ತೀನಿ. ‘ಕ್ಯಾಮೆರಾಗಳು ಕತ್ತಲಾದ ತಕ್ಷಣ ಆಫ್ ಆಗಿ ಆನ್ ಆಗ್ತವೆ, ದೆವ್ವ ಇದೆಯಾ’ ಅಂತ ಫೋನ್ ಬರುತ್ತೆ. ಪಿಓಇ, ಅಂದ್ರೆ ಕೇಬಲ್ಲಲ್ಲೇ ಕರೆಂಟ್ ಕಳಿಸೋ ಸ್ವಿಚ್ಚಲ್ಲಿ ಎಂಟು ಪೋರ್ಟಿಗೂ ಸೇರಿ 60 ಚಿಲ್ಲರೆ ವ್ಯಾಟ್ ಇರುತ್ತೆ. 802.3ಎಎಫ್ ಅನ್ನೋ ಪಿಓಇ ನಿಯಮದ ಪ್ರಕಾರ ಒಂದು ಪೋರ್ಟ್ 15.4 ವ್ಯಾಟ್ ತನಕ ಕೊಡ್ಬಹುದು, ಆದ್ರೆ ಎಲ್ಲಾ ಒಟ್ಟಿಗೆ ಕೇಳಿದ್ರೆ ಎಲ್ಲಿಂದ ತರುತ್ತೆ? ಹಗಲು ಕ್ಯಾಮೆರಾ ಕಮ್ಮಿ ಎಳೆಯುತ್ತೆ. ಕತ್ತಲಾದ್ರೆ ಇನ್‌ಫ್ರಾರೆಡ್ ದೀಪ ಹತ್ತುತ್ತೆ, ಎಳೆತ ಏರುತ್ತೆ, ಸ್ವಿಚ್ಚು ಒಂದು ಪೋರ್ಟ್ ಕತ್ತರಿಸುತ್ತೆ. ದೆವ್ವ ಇಷ್ಟೇ. ಡಬ್ಬಿ ಮೇಲೆ ಪೋರ್ಟಿನ ಲೆಕ್ಕ ದೊಡ್ಡದಾಗಿ ಬರೆದಿರ್ತಾರೆ, ಒಟ್ಟು ವ್ಯಾಟ್ ಸಣ್ಣಕ್ಷರದಲ್ಲಿ. ತಗೊಳ್ಳೋವಾಗ ಸಣ್ಣಕ್ಷರ ಓದಿ.

ಪಡುವಣ_ಮಳೆ
ನೀವೆಲ್ಲ ಸಿಡಿಲಿನ ವಿಷಯ ಬಿಟ್ಟೇಬಿಟ್ಟಿರಿ. ತೋಟದಮನೆಯವರು ಎರಡು ಬೇರೆ ಬೇರೆ ಕಾಯಿಲೆ ಒಟ್ಟಿಗೆ ಹೇಳಿದ್ದಾರೆ. ಈಗಿನ ಸ್ವಿಚ್ಚು ನಿಲ್ಲುವುದು ಅಡಾಪ್ಟರಿಂದ ಇರಬಹುದು. ಹಿಂದಿನದರ ಎರಡು ಪೋರ್ಟ್ ಸತ್ತದ್ದು ಅಂಗಳ ದಾಟುವ ಕೇಬಲ್ಲಿಂದ. ಅದಕ್ಕೆ ಏಳು ಸಾವಿರದ್ದು ತಂದರೂ ಅಷ್ಟೆ, ಎಪ್ಪತ್ತು ಸಾವಿರದ್ದು ತಂದರೂ ಅಷ್ಟೆ.

ಸಿಡಿಲು ನೇರ ಹೊಡೆಯಬೇಕೆಂದಿಲ್ಲ. ಹತ್ತಿರದ ತೆಂಗಿನ ಮರಕ್ಕೆ ಬಿದ್ದರೂ ಉದ್ದದ ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ತದೆ. ಪೋರ್ಟಿನ ಹಿಂದೆ ಇರುವ ಪುಟ್ಟ ಟ್ರಾನ್ಸ್‌ಫಾರ್ಮರ್ ತಡೆದುಕೊಳ್ಳುವುದು 1,500 ವೋಲ್ಟಿನ ಪರೀಕ್ಷೆಗೆ. ಅದನ್ನು ದಾಟಿದರೆ ಚಿಪ್ಪಿನ ಆ ಪೋರ್ಟ್ ಢಮಾರ್. ನಮ್ಮಲ್ಲಿ ಏಪ್ರಿಲ್ ಮೇಯಲ್ಲಿ ಸಂಜೆ ಮೋಡ ಕಪ್ಪಾದರೆ ಮೊದಲ ಕೆಲಸ ವಯರ್ ಕೀಳುವುದು. ಅಂಗಳದಲ್ಲಿ ಅಡಿಕೆ ಒಳಗೆ ಹಾಕುವುದು ಆಮೇಲೆ.

ಹೊಸಬ_ಮಂಡ್ಯ
ಅಡಿಕೆ ರೇಟು ಈಗ ಎಷ್ಟಿದೆ ಸಾರ್ ಆ ಕಡೆ?

ಪಡುವಣ_ಮಳೆ
ಹಳೆಯದ್ದಾ ಹೊಸದ್ದಾ? ಚಾಲಿಯಾ ಕೆಂಪಾ?

ನಿರ್ವಾಹಕ
ಅಡಿಕೆಗೆ ಬೇರೆ ಎಳೆ ಇದೆ, ಅಲ್ಲಿ ಹೋಗಿ ಮಾತಾಡಿ.

ಎಸ್‌ಪಿರೋಡ್_ಪ್ರಜೆ
ಕೇಬಲ್ಲಿಗೆ ಸರ್ಜ್ ಪ್ರೊಟೆಕ್ಟರ್ (ಹೆಚ್ಚಿನ ವೋಲ್ಟ್ ನೆಲಕ್ಕೆ ಇಳಿಸೋದು) ಬರುತ್ತೆ, ಎರಡೂ ತುದಿಗೆ ಒಂದೊಂದು ಹಾಕಿ. ಇಲ್ಲಾ ಶೀಲ್ಡ್ (ಲೋಹದ ಹೊದಿಕೆ) ಇರೋ ಕೇಬಲ್ ಎಳೀರಿ. ಮುಗೀತು.

ಲ್ಯಾಬ್_ಮೇಷ್ಟ್ರು
ಮುಗಿಯುವುದಿಲ್ಲ. ಪ್ರೊಟೆಕ್ಟರ್ ಕೆಲಸ ಮಾಡುವುದು ಒಳ್ಳೆಯ ಅರ್ಥಿಂಗ್ ಇದ್ದರೆ. ಹಳ್ಳಿ ಮನೆಯ ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ಎಷ್ಟು ವರ್ಷವಾಗಿದೆಯೋ ಯಾರಿಗೆ ಗೊತ್ತು? ಇನ್ನು ಶೀಲ್ಡ್ ಕೇಬಲನ್ನು ಎರಡು ಮನೆಯ ನಡುವೆ ಎಳೆದು ಎರಡೂ ತುದಿ ಅರ್ಥ್ ಮಾಡಿದರೆ ಇನ್ನೂ ಅಪಾಯ. ಎರಡು ಮನೆಯ ಭೂಮಿಯ ವೋಲ್ಟೇಜ್ ಒಂದೇ ಇರುವುದಿಲ್ಲ. ಸಿಡಿಲು ಬಿದ್ದ ಗಳಿಗೆಯಲ್ಲಂತೂ ಆ ವ್ಯತ್ಯಾಸ ಭಾರಿಯಾಗಿ, ಕರೆಂಟು ನಿಮ್ಮ ಶೀಲ್ಡಿನಲ್ಲೇ ಹರಿಯುತ್ತದೆ. ಎರಡು ಕಟ್ಟಡದ ನಡುವೆ ತಾಮ್ರವೇ ಬೇಡ. ಫೈಬರ್ ಎಳೆಯಿರಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್, ಅಂದರೆ ಫೈಬರಿನ ಬೆಳಕನ್ನೂ ತಾಮ್ರದ ಕೇಬಲ್ಲನ್ನೂ ಜೋಡಿಸುವ ಡಬ್ಬಿ.

ಬೆಸುಗೆ_ಹುಬ್ಬಳ್ಳಿ
ಇದಕ್ಕ ನನ್ನ ಮತ. ಆದ್ರ ಕನ್ವರ್ಟರಿಗೂ ಒಂದೊಂದು ಅಡಾಪ್ಟರ್ ಬರ್ತೈತಿ ನೋಡ್ರಿ. ಒಂದರ ಕಾಟ ತಪ್ಪಿಸಾಕ ಹೋಗಿ ಎರಡು ತಂದಂಗ ಆತು. 😀

ತೋಟದಮನೆ
ಎಲ್ಲರಿಗೂ ಉಪಕಾರ ಆಯಿತು. ಸುದ್ದಿ ಹೀಗೆ. ಮೊನ್ನೆ ನಿಂತಾಗ ಪ್ಲಗ್ ಕೀಳದೆ ಕೇಬಲ್ ಒಂದೊಂದಾಗಿ ತೆಗೆದೆ. ಟಿವಿ ತೆಗೆದರೂ ಇಲ್ಲ, ಅಣ್ಣನ ಮನೆಯದ್ದು ತೆಗೆದರೂ ಇಲ್ಲ, ಎಲ್ಲ ತೆಗೆದು ಎರಡೇ ಉಳಿಸಿದರೂ ಇಲ್ಲ. ದೀಪ ಒಂದೇ ತಾಳಕ್ಕೆ ಮಿಣುಕುವುದೂ ಕಾಣಲಿಲ್ಲ. ವಾರಂಟಿ ಹೇಗೂ ಮುಗಿದಿತ್ತು, ಬಿಚ್ಚಿ ಜಾಕಿನ ಕಾಲಿಗೆ ಮೀಟರ್ ಹಿಡಿದೆ. ಎಲ್ಲ ಕೇಬಲ್ ಹಾಕಿ ಫೈಲ್ ಕಾಪಿಗೆ ಬಿಟ್ಟಾಗ 4.4. ಹುಬ್ಬಳ್ಳಿಯವರೇ, ನಿಮಗೊಂದು ನಮಸ್ಕಾರ. 5 ವೋಲ್ಟ್ 2 ಆಂಪಿನದ್ದು ತಂದು ಹಾಕಿದ್ದೇನೆ, ಈ ವಾರ ನಿಂತಿಲ್ಲ.

ರೈನ್_ದಂಡೆ
ಒಳ್ಳೆಯದು. ಆದರೆ ಒಂದು ವಾರ ಸಾಲದು. ಮಳೆ ಬಂದು ತಂಪಾಗಿದ್ದರೆ ಹಳೆಯ ಅಡಾಪ್ಟರೂ ಈ ವಾರ ನಡೆಯುತ್ತಿತ್ತೇನೋ.

ಬೆಸುಗೆ_ಹುಬ್ಬಳ್ಳಿ
4.4 ಕಣ್ಣಿಗೆ ಕಂಡ ಮ್ಯಾಗ ಇನ್ನೇನ್ರಿ ಸಂಶಯ? ಬೇಕಾದ್ರ ಹಳೇದ ಹಾಕಿ ಮತ್ತ ನಿಲ್ಲತೈತೇನು ನೋಡ್ಲಿ. ಮೀಟಿಂಗ್ ಇಲ್ಲದ ದಿನ ಮಾಡ್ರಿ ಮತ್ತ.

ಹೊಸಬ_ಮಂಡ್ಯ
ಇನ್ವರ್ಟರ್ ಇರೋ ಮನೇಲಿ ಈ ತೊಂದ್ರೆ ಇರಲ್ಲ ಅಲ್ವಾ?

ಕ್ಯಾಮೆರಾ_ಕೆಲ್ಸ
ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ಎಕೋ ಅಂತಲೋ ನಾರ್ಮಲ್ ಅಂತಲೋ. ಎಕೋದಲ್ಲಿದ್ರೆ ಬದಲಾಗೋಕೆ ಹೆಚ್ಚು ಹೊತ್ತು ತಗೊಳ್ಳುತ್ತೆ. ಫ್ಯಾನಿಗೆ ಗೊತ್ತಾಗಲ್ಲ, ಸ್ವಿಚ್ಚಿಗೆ ಗೊತ್ತಾಗುತ್ತೆ. ಯುಪಿಎಸ್ ಕಡೆ ಇಡಿ. ರೂಟರಿಗೆ ಅಂತ ಮಾರೋ ಪುಟ್ಟ ಡಿಸಿ ಯುಪಿಎಸ್ಸೂ ಪರವಾಗಿಲ್ಲ, ಆದ್ರೆ ಅಗ್ಗದ್ದರಲ್ಲಿ ಮೂರು ಲಿಥಿಯಂ ಸೆಲ್ ಸಾಲಾಗಿ ಇಟ್ಟು ನೇರ ಹೊರಗೆ ಬಿಟ್ಟಿರ್ತಾರೆ. ತುಂಬಿದಾಗ 12.6, ಖಾಲಿ ಆಗ್ತಾ 9ರ ಹತ್ರ. 5 ವೋಲ್ಟಿನ ಸ್ವಿಚ್ಚಿಗೆ 5 ವೋಲ್ಟಿನ ಔಟ್‌ಪುಟ್ ಇರೋದೇ ತಗೋಬೇಕು.

ಪಡುವಣ_ಮಳೆ
ಯಾರೂ ಇರುವೆಯ ಬಗ್ಗೆ ಹೇಳಲಿಲ್ಲ. ಮಳೆಗಾಲದಲ್ಲಿ ಬೆಚ್ಚಗಿನ ಡಬ್ಬಿ ಕಂಡರೆ ಪೋರ್ಟಿನೊಳಗೆ ಗೂಡು ಕಟ್ತವೆ, ಮೊಟ್ಟೆ ಸಮೇತ. ಖಾಲಿ ಪೋರ್ಟಿಗೆ ಹಾಕುವ ರಬ್ಬರ್ ಮುಚ್ಚಳ ಸಿಗ್ತದೆ, ತಂದು ಹಾಕಿ. ಪಿನ್ನು ಹಸಿರು ಕಟ್ಟುವುದೂ ಸ್ವಲ್ಪ ಕಡಿಮೆ ಆಗ್ತದೆ.

ತೋಟದಮನೆ
ಇರುವೆ ಇಲ್ಲ, ಹಲ್ಲಿ ಮೊಟ್ಟೆ ಇತ್ತು! ಫೈಬರ್ ಎಳೆಯುವುದು ಅಂತ ತೀರ್ಮಾನ ಮಾಡಿದೆ. ಮೋಡೆಮ್ ಹಾಕಲು ಬಂದವರು ಬಿಟ್ಟುಹೋದ ಕಪ್ಪು ಫೈಬರ್ ಸುರುಳಿ ಸ್ವಲ್ಪ ಉಂಟು, ಕಂಬಕ್ಕೆ ಕಟ್ಟುವ ಸರಿಗೆ ಸಮೇತದ್ದು. ಅದೇ ಆಗ್ತದಾ?

ಲ್ಯಾಬ್_ಮೇಷ್ಟ್ರು
ಆ ಸರಿಗೆ ಉಕ್ಕಿನದು. ಅದನ್ನು ಮನೆಯೊಳಗೆ ತನಕ ತಂದರೆ ಸಿಡಿಲಿಗೆ ಮತ್ತೆ ದಾರಿ ಕೊಟ್ಟ ಹಾಗೆ. ಗೋಡೆಯ ಹೊರಗೇ ಕತ್ತರಿಸಿ, ಫೈಬರ್ ಮಾತ್ರ ಒಳಗೆ ಬರಲಿ. ಫೈಬರಿನ ಎರಡು ಪಕ್ಕ ಇರುವ ತೆಳು ಕಡ್ಡಿಯೂ ಕೆಲವದರಲ್ಲಿ ಉಕ್ಕಿನದೇ ಇರುತ್ತದೆ, ಕೆಲವದರಲ್ಲಿ ಗಾಜಿನ ನಾರಿನದು. ಆಯಸ್ಕಾಂತ ಹಿಡಿದು ನೋಡಿ. ಹೊಸದು ಕೊಳ್ಳುವುದಾದರೆ ಲೋಹವೇ ಇಲ್ಲದ್ದನ್ನು ಕೇಳಿ.

ಕ್ಯಾಮೆರಾ_ಕೆಲ್ಸ
ಒಂದೇ ಎಳೆಯ ಫೈಬರ್ ಆದ್ರೆ ಕನ್ವರ್ಟರ್ ಎ ಒಂದು, ಬಿ ಒಂದು ತಗೋಬೇಕು. ಎ 1310 ನ್ಯಾನೋಮೀಟರ್ ಬೆಳಕಲ್ಲಿ ಕಳಿಸಿ 1550ರಲ್ಲಿ ಕೇಳುತ್ತೆ, ಬಿ ಉಲ್ಟಾ. ಎರಡೂ ಎ ತಂದ್ರೆ ಲಿಂಕ್ ದೀಪವೇ ಹತ್ತಲ್ಲ. ಗಿಗಾಬಿಟ್ಟಿಂದೇ ಕೇಳಿ ತಗೊಳ್ಳಿ, 100ರದ್ದು ಅಗ್ಗಕ್ಕೆ ತಲೆಗೆ ಕಟ್ಟಿಬಿಡ್ತಾರೆ.

ತೋಟದಮನೆ
ತುದಿಗೆ ಹಸಿರು ಕನೆಕ್ಟರ್ ಉಂಟು, ಮೋಡೆಮ್ಮಿನದ್ದೂ ಹಸಿರೇ. ಕನ್ವರ್ಟರಿಗೆ ಅದೇ ಕೂರ್ತದಾ?

ಕ್ಯಾಮೆರಾ_ಕೆಲ್ಸ
ಕೂರುತ್ತೆ, ಆದ್ರೆ ಹಾಕ್ಬೇಡಿ. ಹಸಿರಿಂದು ತುದಿ ಓರೆಯಾಗಿ ಉಜ್ಜಿರುತ್ತೆ, ಕನ್ವರ್ಟರಲ್ಲಿ ಸಾಮಾನ್ಯವಾಗಿ ನೀಲಿ, ನೇರ ಇರುತ್ತೆ. ಎರಡೂ ಸರಿಯಾಗಿ ಮುಟ್ಟದೆ ಬೆಳಕು ಸೋರುತ್ತೆ. ಊರಲ್ಲಿ ಫೈಬರ್ ಹಾಕೋ ಹುಡುಗ್ರನ್ನ ಕರೆದು ಎರಡೂ ತುದಿಗೆ ನೀಲಿ ಹಾಕಿಸ್ಕೊಳ್ಳಿ.